ನೀನು ಬೋರಲು ಹಾಕಿದ ಲೋಟ

ಕೂಡ್ಲಿಗಿ

ಶಶಿಯ ಅವ್ವನಿಗೆ,

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೆಯ ಕ್ಲಾಸಿಗೇ ಶಾಲೆಗೆ ಬೆನ್ನು ತೋರಿಸಿದವನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ತುರುಕಿದ್ದಾಳೆ ನಿನ್ನ ಮಗಳು. "ಅವ್ವನ ಫೋಟೋದ ಮುಂದ ನಿಂತು ಗುರುಗುಡಬ್ಯಾಡಪ್ಪ. ಕೇಳೂದಿದ್ರ ಬರದು ಕೇಳು" ಅಂದಳು. ಬರೆದರೆ ಯಾವ ಟಪಾಲಿನವನು ಅಲ್ಲಿಗೆ ಒಯ್ಯುತ್ತಾನೆ? ಆದರೂ ಕೇಳಲೇಬೇಕಾಗಿದೆ.

ನಿನ್ನ ಅಪ್ಪ ಗುಡೇಕೋಟೆಯಿಂದ ಕುಡಿದು ಬಂದ ದಿನ ನೆನಪಿದೆಯಾ? ನೀನೇ ಅವನನ್ನು ಹೊಸ್ತಿಲಾಚೆ ನಿಲ್ಲಿಸಿದೆ. "ಆ ವಾಸನಿ ಇರೂತನಾ ಒಳಗ ಬರಬ್ಯಾಡ" ಅಂದು ಕಟ್ಟೆಯ ಮೇಲೆ ರೊಟ್ಟಿ ಕೊಟ್ಟು, ಒಳಗೆ ಬಂದು ಅತ್ತುಬಿಟ್ಟೆ. ಅಂಥವಳ ಪಡಸಾಲೆಯಲ್ಲಿ ಈಗ ಏನು ನಡೆದಿದೆ ಗೊತ್ತೇ? ನೀನು ಹೋದ ಮೇಲೆ ಶಶಿ ಬೆಂಗಳೂರಿನ ಹೋಟೆಲ್ ಕೆಲಸ ಬಿಟ್ಟು ಬಂದಳು. ಗುರುತಿನವರಿಗೆ ಫೋನು ಮಾಡಿ ಕರೆದು ಮನೆಯಲ್ಲೇ ಊಟ ಹಾಕುತ್ತಾಳೆ. ಅವರು ದುಡ್ಡು ಕೊಟ್ಟು ಉಣ್ಣುತ್ತಾರೆ. ಎಲ್ಲ ನಿನ್ನ ಅಡುಗೆಯೇ: ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಜೊತೆಗೆ ವೈನು!

ಮೊದಲ ಬಾಟಲಿ ಬಂದ ದಿನ ನಾನು ಓಣಿ ಕೇಳುವಂತೆ ಕೂಗಾಡಿದೆ. "ಎಣ್ಣಿಗಾಯಿಗೆ ಮಜ್ಜಿಗಿ ಸಾಲಲಿಲ್ಲೇನ ನಿಮಗ?"

"ಎಣ್ಣಿಗಾಯಿಗೆ ಕೆಂಪಂದು, ಹೋಳಿಗಿಗೆ ಸೀ ಇರೂ ಬಿಳೇದು ಹೊಂದತೈತಿ. ದ್ರಾಕ್ಷಿ ರಸಪ್ಪ, ಒಂದೊಂದ ಗುಟುಕು."

"ರಸ ಆದ್ರ ನಿಮ್ಮವ್ವಗೂ ಇಡು ನೋಡೂಣು!"

ಸಿಟ್ಟಿಗೆ ಅಂದ ಮಾತು. ಅವಳು ಅದನ್ನೇ ಹಿಡಿದಳು. ಸಂಜೆ ಬಂದವರ ತಾಟುಗಳ ಜೊತೆ ಇನ್ನೊಂದು ತಾಟನ್ನು, ಅಡುಗೆಮನೆ ಬಾಗಿಲ ಹತ್ತಿರ ನೀನು ಕೂಡುತ್ತಿದ್ದ ಜಾಗದಲ್ಲಿ ಇಟ್ಟಳು. ಗಾಜಿನ ಲೋಟದಲ್ಲಿ ಕೆಂಪನೆಯದನ್ನೂ ಸುರಿದಳು.

ಮಹಾನವಮಿ ಅಮಾವಾಸ್ಯೆಗೆ ನಿನಗೆ ಎಡೆ ಇಡುವುದೂ ಅದೇ ಪಡಸಾಲೆಯಲ್ಲಿ. ಬಡಿಸಿ, ಕದ ಮುಚ್ಚಿ, ಚಿಲಕ ಹಾಕಿ ಹೊರಗೆ ನಿಲ್ಲುತ್ತೇವೆ, ಹೋದವರು ಬಂದು ನಾಚದೆ ಉಣ್ಣಲಿ ಎಂದು. ಮಂದಿ ಬಂದ ಆ ಸಂಜೆಯೂ ಅದೇ ಅಡುಗೆ, ಅದೇ ವಾಸನೆ. ಕೊನೆಯ ರೊಟ್ಟಿ ಬಡಿಸಿ ಹೊರಬಂದವನೇ ಎಡೆಯ ರೂಢಿಯಂತೆ ಕದ ಎಳೆದು ಚಿಲಕ ಹಾಕಿಬಿಟ್ಟೆ. ಜೀವಂತ ಮಂದಿಯನ್ನು ಒಳಗಿಟ್ಟು! ಹರಪನಹಳ್ಳಿಯಿಂದ ಬಂದಿದ್ದ ಲೆಕ್ಚರರ್ ಒಳಗಿನಿಂದಲೇ, "ಯಜಮಾನ್ರೇ, ಉಂಡು ಓಡಿ ಹೋಗ್ತೀವಂತ ಕೂಡಿ ಹಾಕಿದ್ರೇನ್ರೀ?" ಅಂದ. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಇನ್ನೊಂದು ದನಿ. "ಇನ್ನೊಂದು ರೊಟ್ಟಿ ಹಾಕ್ಕೊಳ್ರಿ, ನಾಚಬ್ಯಾಡ್ರಿ." ಶಶಿ ಎಂದುಕೊಂಡೆ. ತಿರುಗಿದರೆ ಶಶಿ ನೀರಿನ ಕೊಡ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ನೋಡಿದೆ. ಅವಳಿಗೂ ಕೇಳಿಸಿತ್ತು.

ಕದ ತೆಗೆದಾಗ ನಿನ್ನ ತಾಟಿನ ರೊಟ್ಟಿ ಮುರಿದಿತ್ತು. ಲೋಟ ಬೋರಲು ಬಿದ್ದಿರಲಿಲ್ಲ, ಬೋರಲು ಹಾಕಿತ್ತು. ಮಜ್ಜಿಗೆ ಸಾಕಾದಾಗ ನೀನು ಹಾಕುತ್ತಿದ್ದೆಯಲ್ಲ, ಹಾಗೆ. ಕೆಳಗೆ ಒಂದು ಹನಿಯೂ ಚೆಲ್ಲಿರಲಿಲ್ಲ. ಯಾರನ್ನು ಕೇಳಿದರೂ "ನಾವು ಮುಟ್ಟಿಲ್ಲರಿ" ಅಂದರು. ಅವರಲ್ಲೊಬ್ಬ ಕುಡಿದು ಸುಳ್ಳಾಡಿದನೋ, ಇಲ್ಲಾ ನೀನೇ... ಹಾಗಾದರೆ ಬೋರಲು ಹಾಕಿದ್ದು ಸಾಕೆಂದೋ, ಇನ್ನು ಮುಂದೆ ತರಬೇಡವೆಂದೋ?

ನಿನ್ನೆ ಶಶಿ ಕಡೆಯ ಮಾತಾಗಿ ನನ್ನನ್ನು ಕೇಳಿದಳು. "ಇಲ್ಲಿ ಬ್ಯಾಡಂದ್ರ ಹೊಸಪೇಟ್ಯಾಗ ಮನಿ ಹಿಡೀತೀನಿ. ಅವ್ವ ಒಲ್ಲೆ ಅಂದ್ಲೋ, ಹೂಂ ಅಂದ್ಲೋ, ನೀನ ಹೇಳಪ್ಪ." ನಾನೇನು ಹೇಳಲಿ? ಓಣಿಯವರ ಹೆದರಿಕೆ ನನಗಿಲ್ಲ. ಬೈದರೆ ತಿರುಗಿ ಬೈಯಲು ಬಾಯಿದೆ. ವೈನು ಒಳಗೆ ಬಂದರೆ ನೀನು ಇನ್ನು ಎಡೆಗೂ ಬರುವುದಿಲ್ಲವೇನೋ ಎಂಬುದೊಂದೇ ಹೆದರಿಕೆ. ಬೇಡವೆಂದರೆ ನಿನ್ನ ಅಡುಗೆಯೇ ಈ ಮನೆ ಬಿಟ್ಟು ಹೋಗುತ್ತದೆ. ಅದರ ಬೆನ್ನು ಹತ್ತಿ ನೀನೂ ಹೊಸಪೇಟೆಗೆ ಹೋದರೆ ನಾನು ಇಲ್ಲಿ ಯಾರಿಗಾಗಿ...

ಸನ್ನೆಗಿನ್ನೆ ನನಗೆ ತಿಳಿಯುವುದಿಲ್ಲ. ಬಾಯಿ ಬಿಟ್ಟು ಹೇಳು. ಶನಿವಾರ ಮತ್ತೆ ಮಂದಿ ಬರುತ್ತಾರೆ. ಶುಕ್ರವಾರದೊಳಗೆ ನಿನ್ನ ಉತ್ತರ ಬರಬೇಕು.