ಸರದಿಯ ಮಂಚ

ಸೋಮವಾರ, ೧೫ನೇ ತಾರೀಖು

ಪ್ರೀತಿಯ ಭಾಮೈದನಿಗೆ,

ನಿನ್ನ ಭಾವನ ನೆನಪುಗಳು. ಇಷ್ಟು ದಿನ ಬರೆಯಲಿಲ್ಲವೆಂದು ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈ. ನೀನು ನಿಮ್ಮಕ್ಕನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು. ಈ ಕಡೆ ಹೆಂಡತಿ, ಆ ಕಡೆ ಹೆಂಡತಿಯ ತಮ್ಮ. ಅಡಕತ್ತರಿಗೆ ಸಿಕ್ಕಿದ ಅಡಕೆಯಂತಾಗಿದೆ ನನ್ನ ಪಾಡು.

ಸುದ್ದಿ ಏನೆಂದರೆ, ಬರುವ ಭಾನುವಾರ ನಿಮ್ಮಕ್ಕ ಸೇವಾ ಕ್ಲಬ್ಬಿನ ಜಿಲ್ಲಾಧ್ಯಕ್ಷೆಯಾಗುತ್ತಾಳೆ. ಟೈಲರ್ ಅಂಗಡಿಯ ಬಾಗಿಲು ಹಾಕಿ, ಅಳತೆಪಟ್ಟಿ ಕೊರಳಲ್ಲಿ ನೇತಾಡುತ್ತಿರುವಂತೆಯೇ ಸಭೆಗೆ ಓಡುತ್ತಿದ್ದವಳು. ಮೊದಮೊದಲು ಕುರ್ಚಿ ಹಾಕಿಸುವುದು, ಟೀ ಹಂಚುವುದಷ್ಟೇ ಅವಳ ಪಾಲಿಗೆ. ಆಮೇಲೆ ಕಾರ್ಯದರ್ಶಿ, ಆಮೇಲೆ ಅಧ್ಯಕ್ಷೆ. ಕಾಯಿಲೆಯವರ ಮನೆಗೆ ಆಸ್ಪತ್ರೆ ಮಂಚ ಬಿಟ್ಟಿಯಾಗಿ ಕೊಡುವ ಯೋಜನೆ ಅವಳದೇ. ಹಿಡಿ ತಿರುಗಿಸಿದರೆ ತಲೆಯ ಕಡೆ ಮೇಲೇಳುತ್ತದಲ್ಲ, ಆ ಮಂಚ. ಇರುವವು ಕೆಲವೇ, ಕಾಯುವವರು ಬಹಳ. ಹಾಗಾಗಿ ಸರದಿ. ಅದನ್ನು ಮುರಿಯುವ ಮಾತೇ ಇಲ್ಲ.

ಕಳೆದ ವರ್ಷ ಬೇಕರಿಯವನ ತಾಯಿಗೆ ಮಂಚ ಸಾಗಿಸುವಾಗ ನಾನೂ ಹೋಗಿದ್ದೆ. ಇಕ್ಕಟ್ಟು ಮೆಟ್ಟಿಲು. ತಿರುವಿನಲ್ಲಿ ಗಂಡಸರೆಲ್ಲ ಮಂಚ ಸಿಕ್ಕಿಸಿಕೊಂಡು ನಿಂತರು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಇವಳು ಪಟ್ಟಿ ತೆಗೆದು ಗೋಡೆ ಅಳೆದಳು, ಮಂಚ ಅಳೆದಳು. “ನೆಟ್ಟಗೆ ನಿಲ್ಲಿಸಿ. ಈಗ ಮಗುವಿನ ಕೈಗೆ ಅಂಗಿ ತೋಳು ತೊಡಿಸೋ ಹಾಗೆ ಮೆಲ್ಲಗೆ ತಿರುಗಿಸಿ” ಅಂದಳು. ಮಂಚ ಸರಕ್ಕನೆ ಮೇಲೆ ಹೋಯಿತು. ಬೇಕರಿಯವನು ನನ್ನ ಕಿವಿಯಲ್ಲಿ, “ಸಾರ್, ಮನೇಲೂ ಹೀಗೇನಾ?” ಅಂದ.

“ಮನೇಲಿ ನಾನೇ ಮಂಚ ಕಣಪ್ಪ, ತಿರುಗಿಸಿದ ಕಡೆ ತಿರುಗ್ತೀನಿ” ಅಂದೆ.

ಇನ್ನೊಂದು ಸಲ ಬೆನ್ನು ಹಿಡಿದುಕೊಂಡ ಗಿರಣಿ ಸಾಹುಕಾರರು ಕಾರಿನಲ್ಲಿ ಬಂದರು. “ಏನಮ್ಮಾ, ನಾನು ಈ ಕ್ಲಬ್ಬಿನ ಮಾಜಿ ಅಧ್ಯಕ್ಷ. ನಂಗೂ ಸರದೀನಾ?”

“ಅದಕ್ಕೇ ಸಾರ್, ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.”

ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಕೂತಿದ್ದ ಸಾಹುಕಾರರು ಕಡೆಗೆ ನಕ್ಕರು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಇಷ್ಟು ವರ್ಷ ಜೊತೆಯಲ್ಲಿ ಬಾಳಿದ್ದೇನೆ, ಇವಳ ವಿಷಯದಲ್ಲಿ ನನ್ನ ಬೆರಗು ಮಾತ್ರ ಮುಗಿದಿಲ್ಲ ಮಾರಾಯ.

ಕ್ಲಬ್ಬಿಗೆ ಹೊಸದಾಗಿ ಸೇರಿದವರಿಗೆಲ್ಲ ಇವಳದೊಂದು ಪಾಠವಿದೆ. “ಕಾಯಿಲೆಯವರನ್ನ ಹೇಗಿದ್ದೀರಿ ಅಂತ ಕೇಳಬೇಡಿ. ಪಾಪ, ಅವರು ಸುಳ್ಳು ಹೇಳಬೇಕಾಗುತ್ತೆ, ಇಲ್ಲ ಅಳಬೇಕಾಗುತ್ತೆ. ಮಂಚ ಅನುಕೂಲವಾಯ್ತಾ ಅಂತ ಕೇಳಿ. ಮಿಕ್ಕಿದ್ದು ಅವರೇ ಹೇಳ್ತಾರೆ.”

ನಿನ್ನ ಸಿಟ್ಟು ನನಗೆ ಗೊತ್ತು. ನಿಮ್ಮಪ್ಪ ಹಾಸಿಗೆ ಹಿಡಿದಾಗಲೂ ಇವಳು ಸರದಿ ಬಿಡಲಿಲ್ಲ. ಮಂಚ ಬರುವಷ್ಟರಲ್ಲಿ ಅವರೇ ಇರಲಿಲ್ಲ. “ಹೆತ್ತಪ್ಪನಿಗಿಲ್ಲದ ಮಂಚಾನ ಊರಿಗೆಲ್ಲ ಹಂಚು” ಅಂದು ನೀನು ಹೊರಟುಹೋದೆ. ನಿಮ್ಮಿಬ್ಬರಲ್ಲಿ ಯಾರು ಸರಿ ಎಂದು ಹೇಳಲು ನಾನು ಯಾರು? ಭಾನುವಾರ ಬಾ ಎಂದಷ್ಟೇ ಕೇಳುತ್ತೇನೆ. ಸಮಾರಂಭ ಸಭಾಂಗಣದಲ್ಲಲ್ಲ, ನಮ್ಮ ಮನೆಯಲ್ಲೇ.

ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೂ ಇದೆ, ಸಿಟ್ಟು ಇಳಿದಿದ್ದರೆ.

ಇಂತಿ,
ನಿನ್ನ ಭಾವ

ತಾ.ಕ.: ಮನೆಯಲ್ಲೇ ಯಾಕೆ ಎಂದು ಬರೆಯದೆ ಮುಗಿಸಲು ನೋಡಿದೆ, ಆಗಲಿಲ್ಲ. ನಿಮ್ಮಕ್ಕ ಎದ್ದು ಓಡಾಡುವ ಸ್ಥಿತಿಯಲ್ಲಿಲ್ಲ. ಶ್ವಾಸಕೋಶದ ಕಾಯಿಲೆ, ಆಯ್ಕೆಯಾದ ಮೇಲೆ ಗೊತ್ತಾಯಿತು. ಬೇರೆಯವರನ್ನು ಆರಿಸಿ ಅಂದಳು, ಕ್ಲಬ್ಬಿನವರು ಇವಳನ್ನು ಬಿಟ್ಟುಕೊಡಲಿಲ್ಲ. ಡಾಕ್ಟರು ಹೆಚ್ಚು ದಿನ ಹೇಳುತ್ತಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದಳು. “ನಿನ್ನದೇ ಕ್ಲಬ್ಬು, ನಿನ್ನದೇ ಮಂಚ, ಒಂದು ತರಿಸೇ” ಎಂದು ಬೇಡಿಕೊಂಡೆ. “ನಮ್ಮಪ್ಪ ಕಾದರಲ್ಲ” ಅಂದಳು, ಅಷ್ಟೇ. ನಿನ್ನೆ ಅವಳ ಸರದಿ ಬಂತು. ಮಂಚ ನಡುಮನೆಯಲ್ಲಿದೆ.

ಬಂದಾಗ ಹೇಗಿದ್ದೀಯಕ್ಕ ಅಂತ ಕೇಳಬೇಡ. ಏನು ಕೇಳಬೇಕೆಂದು ಮೇಲೆ ಬರೆದಿದ್ದೇನೆ.