ಮೈಕಮ್ಮನ ದನಿ

ಭಾನುವಾರ, ಬೆಳಿಗ್ಗೆ

ನನ್ನ ಪುಟ್ಟಿಗೆ,

ನಾನು ಕ್ಷೇಮ ಎಂದು ಶುರು ಮಾಡಬೇಕು. ಇವತ್ತು ಆ ಸುಳ್ಳು ಬೇಡ. ಕೈ ನಡುಗುತ್ತೆ, ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ನಗದೆ ಪೂರ್ತಿ ಓದು.

ನಿನ್ನೆ ಅಳಿಯಂದಿರು ಬಂದರು, ಈ ಕಾಗದ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಬಸುರಿ ಎಂದು ನೀನು ಫೋನಿನಲ್ಲಿ ಹೇಳಿದಾಗ ನಾನು ಒಳ್ಳೇದಾಯ್ತು ಎಂದು ಬಿಲ್ಲು ಓದುವವಳ ಹಾಗೆ ಅಂದೆನಂತೆ. ಅಮ್ಮನಿಗೆ ಸಂತೋಷವೇ ಆಗಿಲ್ಲ, ಹೆರಿಗೆಗೆ ಅವಳು ಬರುವುದೂ ಬೇಡ ಎಂದು ನೀನು ಅಳುತ್ತಾ ಹೇಳಿದೆಯಂತೆ. ಕೇಳಿ ಎದೆ ಒಡೆಯಿತು.

ಈ ಮಲ್ಟಿಪಲ್ ಸ್ಕ್ಲೆರೋಸಿಸ್ ನನ್ನ ಕಾಲಿಗೆ, ಕಣ್ಣಿಗೆ ಬಂದದ್ದು ನಿನಗೆ ಗೊತ್ತು. ದನಿಗೂ ಬಂದದ್ದನ್ನು ಮುಚ್ಚಿಟ್ಟೆ. ನರದ ಮೇಲಿನ ಹೊದಿಕೆ ವೈರಿನ ಪ್ಲಾಸ್ಟಿಕ್ ಕಿತ್ತುಬಂದ ಹಾಗೆ ಹಾಳಾಗುತ್ತೆ, ಮಿದುಳು ಹೇಳಿದ್ದು ಗಂಟಲಿಗೆ ಸರಿಯಾಗಿ ಮುಟ್ಟಲ್ಲ ಅಂದರು ಡಾಕ್ಟರು. ಸಂಜೆಯಾದರೆ ದನಿ ಬರೀ ಗಾಳಿ. ಮಾತಿನ ಏರಿಳಿತವೂ ಹೋಗಿಬಿಟ್ಟಿದೆ.

ಮೊದಲು ಗೊತ್ತಾದದ್ದು ತರಕಾರಿ ಮಂಡಿಯಲ್ಲಿ. ಹರಾಜು ಕೂಗುವ ನನಗೆ ಅಲ್ಲಿ ಮೈಕಮ್ಮ ಅಂತಲೇ ಹೆಸರು; ಮೈಕಮ್ಮನ ದನಿ ಏರುತ್ತಿದ್ದರೆ ಸವಾಲು ನಡೆಯುತ್ತಿದೆ, ಇಳಿಯಿತೋ ಮುಗಿಯಿತು, ಕೊನೆಗೆ ಕೂಗಿದವನದೇ ಮಾಲು. ಅವತ್ತು ಕುಂಬಳಕಾಯಿ ರಾಶಿಗೆ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಮುಗಿಯಿತೆಂದು ಒಬ್ಬ ಗಾಡಿಗೆ ತುಂಬತೊಡಗಿದ, ಇನ್ನೂ ಇದೆ ಎಂದು ಇನ್ನೊಬ್ಬ ಕೂಗುತ್ತಲೇ ಇದ್ದ. ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡರು. ನಾನು ಗದರಿದೆ, ಅದೂ ಸಪ್ಪೆಯಾಗೇ ಬಂತು. ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ, ನನಗೆ ಎರಡೂ ಗೊತ್ತಿತ್ತು, ಎರಡೂ ಬಂದವು. ಸಾಹುಕಾರರು ಈಗ ನನ್ನನ್ನು ತಕ್ಕಡಿ ಹತ್ತಿರ ಕೂರಿಸಿದ್ದಾರೆ. ಮಂಡಿಗೆ ಬೇಡವಾದ ದನಿ ನಿನಗೂ ಬೇಡವಾದೀತು ಎಂದು ಹೆದರಿ ಬಾಯಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುವ ಹುಡುಗಿಯೊಬ್ಬಳಿದ್ದಾಳೆ, ನಿನ್ನದೇ ವಯಸ್ಸು. ಉಸಿರು ತುಂಬಿಕೊಂಡು ಚಿಕ್ಕ ಚಿಕ್ಕ ಮಾತಾಡಿ, ಮುಖ್ಯವಾದದ್ದನ್ನು ಬೆಳಿಗ್ಗೆಯೇ ಆಡಿ ಅಂತಾಳೆ. ಮೊದಲಿನ ಹಾಗೆ ಆಗುತ್ತದಾ ಎಂದು ಕೇಳಿದೆ. ಪೂರ್ತಿ ಆಗುತ್ತೆ ಅನ್ನಲಾರೆ, ಆದರೆ ಮಗಳಿಗೆ ಹೇಳಿದ್ದೀರಾ ಎಂದು ತಿರುಗಿ ಕೇಳಿದಳು. ನಾನು ಕೋಲು ಹುಡುಕುವ ನೆಪ ಮಾಡಿದೆ.

ನೀನು ಸುದ್ದಿ ಹೇಳಿದ ಸಂಜೆ, ಪುಟ್ಟಿ, ಫೋನ್ ಇಟ್ಟು ಅಡುಗೆಮನೆ ನೆಲದ ಮೇಲೆ ಕೂತು ಸಂತೋಷಕ್ಕೆ ಅತ್ತುಬಿಟ್ಟೆ. ತಡೆಯಲಾರದೆ ಎದುರುಮನೆಯಾಕೆಗೂ ಹೇಳಲು ಹೋದೆ. ನನ್ನ ಒದ್ದೆ ಮುಖ ನೋಡಿ, ದನಿ ಕೇಳಿ, ಅವರು ಯಾರು ತೀರಿಕೊಂಡರು ಎಂದು ಕೇಳಿದರು. ನಗು ಬಂತು, ಆಮೇಲೆ ಭಯವಾಯಿತು. ಮುದ್ದು ಮಾಡಿದರೆ ಮಗುವಿಗೂ ಬೈದ ಹಾಗೆ ಕೇಳಿಸಿದರೆ?

ಆದರೂ ಹೆರಿಗೆಗೆ ಬರಬೇಡ ಅನ್ನಬೇಡ ಕಣೇ. ನನ್ನ ಪಕ್ಕ ಕೂತು ಮುಖ ನೋಡು, ಅಲ್ಲಿ ಎಲ್ಲಾ ಇದೆ.

ನಿನ್ನ ಅಮ್ಮ

ಬರೆಯಲು ಧೈರ್ಯ ಬರದೆ ಉಳಿದದ್ದು: ನಿನ್ನ ಔಷಧಿ ಅಂಗಡಿಯ ಫೋನಿಗೆ ಸಂಜೆ ಹೊತ್ತು ಬರುತ್ತಿದ್ದ ಮಾತಿಲ್ಲದ ಕರೆಗಳು ನನ್ನವು. ನಿನ್ನ ದನಿ ಕೇಳಿ ಇಟ್ಟುಬಿಡುತ್ತಿದ್ದೆ. ಕೊನೆಯ ಸಲ ನೀನು, "ಮಾತಾಡೋಕೆ ಬರದೇ ಇದ್ರೆ ಯಾಕ್ರೀ ಫೋನ್ ಮಾಡ್ತೀರಾ?" ಅಂದೆ. ನಾಳೆ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮಾಡುತ್ತೇನೆ. ಮೊದಲು ಬರೀ ಉಸಿರು ಕೇಳಿಸುತ್ತೆ. ಇಡಬೇಡ.