ಅವ್ವನ ಹೆಸರು ಸಾಕಂತೆ

ಬನಹಟ್ಟಿ
ಮಂಗಳವಾರ, 19 ನವೆಂಬರ್ 2024

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಬೀಳಗಿಯ ನೀರು ಒಗ್ಗಿತೋ ಇಲ್ಲವೋ? ಮಾಲಕ್ಕ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ, ಕೂಸಿನ ನೆಗಡಿ ಕಡಿಮೆಯಾಯಿತೇ? ಮಗ್ಗದ ಸಪ್ಪಳದಲ್ಲಿ ಹಸುಗೂಸು ಮಲಗುವುದಿಲ್ಲವೆಂದು ಮಾಲಕ್ಕ ಬಾಣಂತನಕ್ಕೆ ಇಲ್ಲಿಗೆ ಬರದೆ ನಿನ್ನನ್ನೇ ಕರೆಸಿಕೊಂಡಳು, ಒಳ್ಳೆಯದೇ ಆಯಿತು. ಆದರೆ ನೀನಿಲ್ಲದೆ ನಮ್ಮ ಮನೆಯ ಒಂದು ಮಗ್ಗ ನಿಂತಿದೆ. ಸಂಜೆ ಕಾಲೇಜಿನಿಂದ ಬಂದು ನಾನು ಕಂಡಿಕೆಗೆ ನೂಲು ಸುತ್ತುತ್ತೇನೆ. ನಾನು ಸುತ್ತಿದ್ದು ನಡುವೆ ಉಬ್ಬಿಕೊಂಡು ಲಾಳಿಯೊಳಗೆ ಕೂಡುವುದೇ ಇಲ್ಲ. ಅಪ್ಪ ಲಾಳಿಯನ್ನು ನನಗೆ ತೋರಿಸಿ ಹಣೆಗೆ ಕೈ ಬಡಿದುಕೊಳ್ಳುತ್ತಾನೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ತುಂಬ ಹಾಡು ಹಚ್ಚಿಕೊಂಡು ನಿಂತಿರುತ್ತವೆ, ಹೀಗಾಗಿ ನನ್ನ ಮುಧೋಳದ ಬಸ್ಸು ದಿನಾಲೂ ತಡ. ಪಾಠ ಹೇಳಲು ನಾನು ಓಡಿಕೊಂಡೇ ಹೋಗುತ್ತೇನೆ.

ಮಾಲಕ್ಕನ ಮೆಸೇಜು ಬಂತು. ಫೋನಿನೊಳಗಿನ ಆ ಬ್ಯಾಂಕಿನ ಹುಡುಗ ಏನಂದ, ನೀನು ಕೈ ಮುಗಿದದ್ದಕ್ಕೆ ತಿರುಗಿ ಕೈ ಮುಗಿದನೋ ಇಲ್ಲವೋ ಎಂದು ಎರಡು ಸಲ ಕೇಳಿದೆಯಂತೆ. ಅವತ್ತು ನನ್ನನ್ನೂ ಕೇಳಿದ್ದೆ. ನಾನು ಏನಿಲ್ಲ ಎಂದು ಕೈ ಆಡಿಸಿದ್ದಕ್ಕೆ, "ಏನಿಲ್ಲ ಅನಬ್ಯಾಡ, ಅಂವನ ಬಾಯಿ ಅಷ್ಟೊತ್ತು ಅಲಗಾಡಾಕತ್ತಿತ್ತು" ಎಂದು ಸಿಟ್ಟಾಗಿ ರಾಟೆಯ ಕಡೆ ತಿರುಗಿ ಕೂತೆ. ನಿನ್ನ ಸಿಟ್ಟು ಖರೆ. ಕಿವಿ ಕೇಳದವರಿಗೆ ಎಲ್ಲರೂ ಕೊಡುವ ಉತ್ತರ ಅದೊಂದೇ. ಫೋನಿನಲ್ಲಿ ನಿನಗೆ ಹೇಳಲಾಗದು, ಮೆಸೇಜಿನಲ್ಲಿ ಇಷ್ಟೆಲ್ಲ ಹಿಡಿಯದು. ಅದಕ್ಕೇ ಈ ಪತ್ರ. ಏನೂ ಬಿಡದೆ ಬರೆಯುತ್ತೇನೆ, ಓದಿ ಹೇಸಿಕೊಳ್ಳಬೇಡ. ನಾನು ಇಬ್ಬರಿಗಾಗುವಷ್ಟು ಹೇಸಿಕೊಂಡಾಗಿದೆ.

ಇಪ್ಪತ್ತೈದು ವರ್ಷದ ಮಗ್ಗದ ಸಪ್ಪಳ ನಿನ್ನ ಕಿವಿಯನ್ನು ತಿಂದಿದೆ, ಈ ವರ್ಷವೇ ಕಿವಿಗೆ ಮಷಿನ್ ಹಾಕದಿದ್ದರೆ ಮಾತು ತಿಳಿಯುವ ರೂಢಿಯೇ ತಪ್ಪಿಹೋಗುತ್ತದೆ, ಆಮೇಲೆ ಹಾಕಿದರೂ ಪ್ರಯೋಜನವಿಲ್ಲ ಎಂದು ಜಮಖಂಡಿಯ ಡಾಕ್ಟರು ಅಂದದ್ದನ್ನು ನಿನಗೆ ಬರೆದು ತೋರಿಸಿದ್ದೆ. ಒಳ್ಳೆಯ ಮಷಿನ್ನನ್ನು ಅಂಗಡಿಯವನು ತಿಂಗಳ ಕಂತಿನ ಮೇಲೆ ಕೊಡುತ್ತಾನೆ, ಆದರೆ ಕ್ರೆಡಿಟ್ ಕಾರ್ಡು ಇದ್ದವರಿಗೆ ಮಾತ್ರ. ನೀನು ಬೇಡವೆಂದು ಕಿವಿ ಮುಚ್ಚಿಕೊಂಡೆ. ನಾನು ಕೇಳಲಿಲ್ಲ. ಸಣ್ಣದಾದರೂ ತಿಂಗಳ ಸಂಬಳ ಬರುವುದು ನನಗೊಬ್ಬಳಿಗೇ, ಅದಕ್ಕೆ ನನ್ನ ಹೆಸರಿನಲ್ಲೇ ಅರ್ಜಿ ಹಾಕಿದೆ. ನಾನು ನಾನೇ ಹೌದೆಂದು ಬ್ಯಾಂಕಿಗೆ ನಂಬಿಸುವುದೊಂದು ಬಾಕಿ ಇತ್ತು.

ಮೊದಲು ಅವರಿಗೆ ಮುಖ ಬೇಕಿತ್ತು. ಫೋನಿನ ಪರದೆಯ ಮೇಲೆ ಒಂದು ಗುಂಡು ಗೆರೆ ಬರುತ್ತದೆ. ಅದರೊಳಗೆ ಮುಖ ಇಟ್ಟು ಕಣ್ಣು ಮಿಟುಕಿಸಬೇಕು, ಎಡಕ್ಕೆ ತಿರುಗಬೇಕು, ಬಲಕ್ಕೆ ತಿರುಗಬೇಕು, ಆಮೇಲೆ ನಗಬೇಕು. ನಗದಿದ್ದರೆ ಗೆರೆ ಹಸಿರಾಗುವುದಿಲ್ಲ. ಮಾಲಕ್ಕನ ಮದುವೆಯ ಫೋಟೋದಲ್ಲೂ ನೆಲ ನೋಡಿ ನಿಂತವಳು ನಾನು, ಅಲ್ಲಿ ಒಂದು ಗೆರೆಯ ಮುಂದೆ ಹಲ್ಲು ಕಿರಿದೆ. ಸಂತೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡಿದರೆ ದನವಾದರೂ ತಲೆ ಕೊಡವುತ್ತದೆ.

ಆಮೇಲೆ ವೀಡಿಯೊ ಕರೆಯಲ್ಲಿ ಆ ಹುಡುಗ ಬಂದ. ಕೊರಳಲ್ಲಿ ನೇತಾಡುವ ಚೀಟಿಯ ಮೇಲೆ ಸಿದ್ದಾರ್ಥ ಎಂದಿತ್ತು. "ಮೇಡಂ, ಹಿಂದೆ ಏನದು ಸೌಂಡು, ಫ್ಯಾಕ್ಟರೀಲಿ ಕೂತಿದ್ದೀರಾ?" ಎಂದ. ಮನೆ ಎಂದೆ. "ಮನೆಗೆ ಹೋಗಿ ಕಾಲ್ ಮಾಡಿ" ಎಂದ. ಇದೇ ಮನೆ ಎಂದೆ. ಆಗ ನೀನು ರಾಟೆಯ ಮುಂದಿನಿಂದ ನನ್ನತ್ತ ಕೈ ಮಾಡಿದೆ, ಯಾರದು ಎಂದು. ನನ್ನ ಬೆರಳುಗಳು ನನ್ನನ್ನು ಕೇಳದೆಯೇ ನಿನಗೆ ಉತ್ತರ ಕೊಟ್ಟವು. ಈ ಓಣಿಯಲ್ಲಿ ಹುಟ್ಟಿದವರ ಬೆರಳು ಹಾಗೆಯೇ ಅಲ್ಲವೇ, ಮಗ್ಗದ ನಡುವೆ ಬಾಯಿಂದ ಮಾತಾಡುವವರು ಯಾರಿದ್ದಾರೆ? ನೀನು ಎದ್ದು ಬಂದು ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದೆ. ಐದು ಬೆರಳು ಕೂಡಿಸಿ ಬಾಯಿಗೆ ತಂದು, ಈ ಹುಡುಗ ಉಂಡಾನೇನು ಎಂದು ಕೇಳಿದೆ.

ಅವನು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ. "ಏನ್ ಮೇಡಂ ಸಿಗ್ನಲ್ ಕೊಡ್ತಿದ್ದೀರಾ? ಹಿಂದೆ ಕೈ ಬಾಯಿ ಮಾಡ್ತಿರೋದು ಯಾರು? ಆಯಮ್ಮಂಗೆ ತಲೆ ಸರಿ ಇಲ್ವಾ? ಹೊರಗೆ ಕಳಿಸಿ." ಇವರು ನಮ್ಮವ್ವ, ಕಿವಿ ಕೇಳಿಸುವುದಿಲ್ಲ ಎಂದೆ. ನನ್ನ ದನಿ ಮೊದಲಿನಿಂದಲೂ ಸಣ್ಣದು, ಅವನಿಗೆ ಕೇಳಿಸಿತೋ ಇಲ್ಲವೋ. "ಯಾರೋ ಪಕ್ಕದಲ್ಲಿ ಹೇಳಿಕೊಡ್ತಿದ್ದಾರೆ ಅಂತ ರಿಜೆಕ್ಟ್ ಹಾಕ್ತೀನಿ" ಎಂದ. ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಪಕ್ಕದಲ್ಲಿ ಕೂತು ಹೆದರಿಸಿ ಕಾರ್ಡು ತೆಗೆಸುವ ಮೋಸಗಾರರೂ ಇರುತ್ತಾರಂತೆ. ಆದರೆ ಹೆದರಿಸುವವರು ಉಂಡಾನೇನು ಎಂದು ಕೇಳುತ್ತಾರೆಯೇ? ನೀನು ಎರಡೂ ಕೈ ಎತ್ತಿ ಅವನಿಗೆ ಮುಗಿದೆ. ಅವನು ತಿರುಗಿ ಮುಗಿಯಲಿಲ್ಲ ಅವ್ವಾ. ಅಷ್ಟರಲ್ಲಿ ಕರೆ ಕಡಿದು ಹೋಗಿತ್ತು. ನೀನು ಕೈ ಮುಗಿದದ್ದು ಪರದೆಯ ಮೇಲೆ ಉಳಿದಿದ್ದ ನನ್ನ ಮುಖಕ್ಕೆ.

ನೀನು ಬೀಳಗಿಗೆ ಹೋದ ಮರುದಿನ ಬ್ಯಾಂಕಿನಿಂದ ಸಂದೇಶ ಬಂತು. ಮನೆ ನೋಡಲು ಒಬ್ಬರು ಬರುತ್ತಾರೆ, ಅವರ ವರದಿ ಸರಿಯಿದ್ದರೆ ಇನ್ನೊಂದು ಸಲ ವೀಡಿಯೊ ಕರೆ ಎಂದು. ಬಂದವನು ದಾರಿಯಲ್ಲೇ ಎಲ್ಲೋ ಭಜಿ ತಿಂದು ಬಂದಿದ್ದ. ಚಪ್ಪಲಿ ಕಳೆಯದೆ ನೇರ ಒಳಗೆ ಬಂದು ಅಡುಗೆ ಮನೆಗೂ ಇಣುಕಿ, ಫೋನು ತೆಗೆಯುವ ಮೊದಲು ಎಣ್ಣೆ ಕೈಯನ್ನು ಮಗ್ಗದ ಮೇಲಿದ್ದ ಸೀರೆಯ ಸೆರಗಿಗೆ ಒರೆಸಿಕೊಂಡ. ಅಪ್ಪ ಮಗ್ಗ ನಿಲ್ಲಿಸಿ ಆ ಕಲೆಯನ್ನೇ ನೋಡುತ್ತ ನಿಂತ. ಬಂದವನು ಮಗ್ಗದ ಫೋಟೋ ತೆಗೆದ, ಜಗಲಿಯದು ತೆಗೆದ, ಬಾಗಿಲಲ್ಲಿ ನಿಲ್ಲಿಸಿ ನನ್ನದು ತೆಗೆದ. ಚೌಕಟ್ಟು ಹಿಡಿದುಕೊಳ್ಳಬೇಡಿ, ಕೂದಲು ಹಿಂದೆ ಮಾಡಿರಿ, ಇನ್ನೊಂದು ತೆಗೆಯುತ್ತೇನೆ ಎನ್ನುತ್ತ ಮತ್ತೆ ಮತ್ತೆ ತೆಗೆದ. ಮದುವೆಯಾಗಿ ಹೋದರೆ ಕಂತು ಯಾರು ತುಂಬುತ್ತಾರೆ ಎಂದು ಅಪ್ಪನನ್ನು ಕೇಳಿದ. ಅಪ್ಪ ಹೇಳಿದ್ದು ಒಂದೇ ಮಾತು: "ಅಕಿನ್ನ ಕೇಳ್ರಿ, ಕಾರ್ಡ ಅಕಿದು."

ನೆರೆಯವರನ್ನೂ ವಿಚಾರಿಸಬೇಕಂತೆ. ಎದುರಿನ ಮನೆಯ ಸುಂದರವ್ವನ ಹತ್ತಿರ ಹೋಗಿ, ಈ ಮನೆಯಲ್ಲಿ ಪೂರ್ಣಿಮಾ ಎಂಬವರಿದ್ದಾರೆಯೇ, ನಡತೆ ಹೇಗೆ ಎಂದು ಕೇಳಿದ. ನಡತೆ ಎಂದನಂತೆ ಅವ್ವಾ. ಸುಂದರವ್ವ ಕಸಬರಿಗೆ ಕೆಳಗಿಡದೆ, "ಹೆಣ್ಣ ನೋಡಾಕ ಬಂದಿಯೇನೋ ತಮ್ಮಾ? ಬರೂದಿದ್ರ ನಿಮ್ಮವ್ವನ್ನ ಕರಕೊಂಡ ಬರಬೇಕು, ಒಬ್ಬನ ಬರಬಾರದು" ಎಂದಳು. ಅವನು ಹಲ್ಲು ಕಿಸಿದು ಏನೋ ಬರೆದುಕೊಂಡ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮರುದಿನ ಮುಧೋಳದ ಬಸ್ಸಿನಲ್ಲಿದ್ದಾಗ ನನ್ನ ಫೋನಿಗೆ ನನ್ನದೇ ಫೋಟೋ ಬಂತು, ಬಾಗಿಲಲ್ಲಿ ನಿಂತದ್ದು. ಕೆಳಗೆ, "ಭಾಳ ಛಂದ ಬಂದೈತ್ರಿ. ರಿಪೋರ್ಟ್ ನನ್ನ ಕೈಯಾಗ ಐತಿ, ಚಿಂತಿ ಮಾಡಬ್ಯಾಡ್ರಿ. ಫ್ರೀ ಇದ್ದಾಗ ಮಾತಾಡ್ರಿ" ಎಂದಿತ್ತು. ಫೋನನ್ನು ಚೀಲದ ತಳಕ್ಕೆ ತುರುಕಿದೆ. ಕಾರ್ಡಿಗೆಂದು ಕೊಟ್ಟ ನಂಬರು, ಕಾರ್ಡಿಗೆಂದು ನಿಂತ ಮುಖ. ತಿರುಗಿ ಬೈದರೆ ವರದಿ ಕೆಡುತ್ತದೆ, ವರದಿ ಕೆಟ್ಟರೆ ನಿನ್ನ ಕಿವಿ. ಸುಮ್ಮನಿದ್ದರೆ ನಾಳೆ ಮತ್ತೊಂದು ಬರುತ್ತದೆ. ದಿನವಿಡೀ ಪಾಠ ಹೇಳಿದೆ, ಏನು ಹೇಳಿದೆನೋ ಗೊತ್ತಿಲ್ಲ.

ಸಂಜೆ ಸುಂದರವ್ವ ನನ್ನ ಮುಖ ನೋಡಿಯೇ ಕೈ ಚಾಚಿ ಫೋನು ಇಸಿದುಕೊಂಡಳು. ಓದಲು ಬಾರದು, ಫೋಟೋ ನೋಡಿದಳು, ಸಾಕಾಯಿತು. ಮಾತು ಕಳಿಸುವ ಗುಂಡಿ ಯಾವುದೆಂದು ಕೇಳಿ ಅದನ್ನು ಒತ್ತಿ ಹಿಡಿದು ಹೇಳಿದಳು: "ತಮ್ಮಾ, ನಾ ಎದರಿನ ಮನಿ ಸುಂದರವ್ವ. ನಮ್ಮ ಹುಡಗಿ ಯಾರು ಏನು ಅಂತ ನೀ ತಪಾಸ ಮಾಡಿದಿ, ಆತು. ಈಗ ನೀ ಯಾರ ಮಗ, ನಿಮ್ಮ ಮನಿ ಯಾವ ಓಣ್ಯಾಗ ಐತಿ, ನಡತಿ ಹ್ಯಾಂಗ ಐತಿ ಅಂತ ನಾವು ತಪಾಸ ಮಾಡಾವ್ರು. ನಾಳಿಗಿ ಓಣಿ ಹೆಂಗಸರೆಲ್ಲ ನಿಮ್ಮ ಬ್ಯಾಂಕಿಗೆ ಬರ್ತೀವಿ, ಚಾ ಇಡಸು." ಆ ರಾತ್ರಿಯೇ ಅವನ ಕಡೆಯಿಂದ ಬಂದದ್ದು ಇಷ್ಟು: ಸಾರಿ ಸಿಸ್ಟರ್, ರಿಪೋರ್ಟ್ ಓಕೆ. ಅವನ ಮೇಲೆ ಬ್ಯಾಂಕಿಗೆ ದೂರು ಬರೆದಿದ್ದೇನೆ. ನಾನು ಬರೆಯುವುದರಲ್ಲಿ ಅಂಜುಬುರುಕಿಯಲ್ಲ, ನಿನಗೆ ಗೊತ್ತು. ಆದರೆ ಸೀರೆಯ ಕಲೆ ಹೋಗಲಿಲ್ಲ. ಅಪ್ಪ ಪೌಡರು ಹಾಕಿ ತಿಕ್ಕಿ ಸೋತ.

ಎರಡನೆಯ ಕರೆ ಶನಿವಾರ ಬಂತು. ಸುಂದರವ್ವ ಮನೆಮನೆಗೆ ಹೋಗಿ ಹೇಳಿಬಂದಿದ್ದಳು. ಒಂದೊಂದಾಗಿ ಓಣಿಯ ಮಗ್ಗಗಳೆಲ್ಲ ನಿಂತವು. ಅಂಥ ಮೌನವನ್ನು ನಾನು ನಮ್ಮ ಓಣಿಯಲ್ಲಿ ಕೇಳಿಯೇ ಇರಲಿಲ್ಲ. ಯಾರದೋ ಮನೆಯ ನಲ್ಲಿ ತೊಟ್ಟಿಕ್ಕುವುದೂ ಕೇಳುತ್ತಿತ್ತು. ಸಪ್ಪಳವಿಲ್ಲದಿದ್ದರೂ ಮಂದಿ ರೂಢಿಯಂತೆ ಕೈಯಲ್ಲೇ ಮಾತಾಡುತ್ತಿದ್ದರು. ಈ ಸಲ ಬೇರೆ ಹುಡುಗಿ, ಮರ್ಯಾದೆಯಿಂದಲೇ ಮಾತಾಡಿದಳು. ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದಳು. ಇಲ್ಲ ಎಂದೆ. ನಿನ್ನ ರಾಟೆ ಮೂಲೆಯಲ್ಲಿತ್ತು. ಆಮೇಲೆ, "ಸೆಕ್ಯುರಿಟಿಗೆ ಒಂದು ಪ್ರಶ್ನೆ, ನಿಮ್ಮ ತಾಯಿಯ ಹೆಸರು?" ಎಂದಳು. ದಾನಮ್ಮ ಎಂದೆ. ಇನ್ನೂ ಸ್ವಲ್ಪ ಜೋರಾಗಿ ಹೇಳಿ ಎಂದಳು. ಹೇಳಿದೆ. ಹುಟ್ಟಿದ ಮೇಲೆ ಅಷ್ಟು ಜೋರಾಗಿ ನಾನು ಏನನ್ನೂ ಹೇಳಿದವಳಲ್ಲ. ಓಣಿಗೆಲ್ಲ ಕೇಳಿತು. "ವೆರಿಫೈಡ್, ಥ್ಯಾಂಕ್ಯೂ ಮೇಡಂ."

ನಾನು ನಾನೇ ಎಂಬುದಕ್ಕೆ ಅವರಿಗೆ ನಿನ್ನ ಹೆಸರು ಸಾಕಂತೆ. ಆ ಹೆಸರಿನವಳು ಹೆಗಲ ಹಿಂದೆ ನಿಂತು ಕೈ ಮುಗಿದರೆ ಮೋಸ. ಎಲ್ಲಕ್ಕಿಂತ ನನಗೆ ಹೇಸಿಗೆ ಹುಟ್ಟಿಸಿದ್ದು ಇದು, ಆ ಫೋಟೋ ಕಳಿಸಿದವನಿಗಿಂತ ಹೆಚ್ಚು. ಅವನು ಬರೀ ಕೆಟ್ಟವನು.

ಸಾಕು. ಮಾಲಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸು, ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು ಕೊಡು. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊ, ಎಲ್ಲ ಕೆಲಸ ನೀನೇ ಮಾಡಬೇಡ. ಬನಶಂಕರಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಗಳು,
ಪೂರ್ಣಿ

ತಾ.ಕ.: ಅಂಚೆ ಎತ್ತುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಕಾರ್ಡು ಇವತ್ತು ಬಂತು. ಮುಂದಿನ ವಾರ ಗುರುವಾರ ಜಮಖಂಡಿಯಲ್ಲಿ ಡಾಕ್ಟರು ನಿನಗೆ ಮಷಿನ್ ಹಾಕಿ ನೋಡುತ್ತಾರೆ. ನೀನು ಬೇಡ ಎಂದದ್ದು ರೊಕ್ಕದ ಸಲುವಾಗಿ ಎಂದೇ ನಾನು ತಿಳಿದಿದ್ದೆ. "ಕಿವಿ ಬಂದ್ರ ಮಂದಿ ನನಗ ಏನೇನ ಅಂತಾರ ಅದೂ ಕೇಳಸ್ತೈತಿ, ಬ್ಯಾಡ" ಎಂದೆಯಂತೆ, ಮಾಲಕ್ಕ ಬರೆದಿದ್ದಾಳೆ. ಮಂದಿ ಅನ್ನುವುದಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಅದಕ್ಕೇ ಆ ಸಿದ್ದಾರ್ಥನ ಮಾತನ್ನೂ ಬಿಡದೆ ಬರೆದೆ. ಅಂಥ ಮಾತು ಎಂದರೆ ಇಷ್ಟೇ ಅವ್ವಾ, ಅದನ್ನು ನೀನು ಈಗಾಗಲೇ ಓದಿ ಮುಗಿಸಿದೆ. ಕೂಸು ಅತ್ತರೆ ತಿಳಿಯಲೆಂದು ಅದರ ಎದೆಯ ಮೇಲೆ ಕೈಯಿಟ್ಟೇ ಮಲಗುತ್ತೀಯಂತೆ. ಅದರ ಅಳು ಹೇಗಿದೆಯೋ ನಿನಗಿನ್ನೂ ಗೊತ್ತಿಲ್ಲ. ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಬೀಳಗಿ ಬಸ್ಸು ನಿಲ್ಲುವಲ್ಲಿ ನಿಂತಿರುತ್ತೇನೆ. ಆಧಾರ್ ಕಾರ್ಡು ಮರೆತರೂ ನಡೆಯುತ್ತದೆ. ನೀನು ಬಾ.